ಎಕ್ಸ್-ರೇ ತಂತ್ರಜ್ಞರ ಪದವಿಯ ಹಾದಿ: ಅಮೆರಿಕದಲ್ಲಿ ಏಣಿ, ಭಾರತದಲ್ಲಿ ಬೀಗ

ವೈದ್ಯಕೀಯಕ್ಕೆ ಪೂರಕವಾದ ಆರೋಗ್ಯ ವಿಜ್ಞಾನ ವಿಷಯಗಳನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ಮಾದರಿಯಲ್ಲಿ ಬೋಧಿಸುವುದನ್ನು ನಿಲ್ಲಿಸಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2025ರ ಆಗಸ್ಟ್ ತಿಂಗಳಿನಲ್ಲಿ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೂಚಿಸಿತು. ಪೂರಕ ಆರೋಗ್ಯ ವೃತ್ತಿಗಳ ನಿಯಂತ್ರಣಕ್ಕಾಗಿ ಸಂಸತ್ತು 2021ರಲ್ಲಿ ಅಂಗೀಕರಿಸಿದ ಕಾಯ್ದೆಯ ವ್ಯಾಪ್ತಿಗೆ ಬರುವ ಎಲ್ಲ ವಿಷಯಗಳಿಗೂ ಈ ನಿಷೇಧ ಅನ್ವಯಿಸುತ್ತದೆ. ಮನೋವಿಜ್ಞಾನ, ಸೂಕ್ಷ್ಮಜೀವ ವಿಜ್ಞಾನ, ಆಹಾರ ಮತ್ತು ಪೌಷ್ಟಿಕಾಂಶ ವಿಜ್ಞಾನ, ಜೈವಿಕ ತಂತ್ರಜ್ಞಾನ ಮುಂತಾದವುಗಳ ಹೆಸರನ್ನು ಆದೇಶ ನೇರವಾಗಿಯೇ ಉಲ್ಲೇಖಿಸಿತು. ಆ ದಿನಗಳ ಚರ್ಚೆಯೂ ಬಹುಪಾಲು ಮನೋವಿಜ್ಞಾನದ ವಿದ್ಯಾರ್ಥಿಗಳ ಸುತ್ತಲೇ ನಡೆಯಿತು.

ಈ ಚರ್ಚೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದ ವರ್ಗವೊಂದಿದೆ. ಆಸ್ಪತ್ರೆಗಳ ಎಕ್ಸ್-ರೇ, ಸಿ.ಟಿ. ಮತ್ತು ಎಂ.ಆರ್.ಐ. ಕೊಠಡಿಗಳಲ್ಲಿ ದುಡಿಯುವ ತಂತ್ರಜ್ಞರೇ ಈ ವರ್ಗ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ, ನೌಕರಿ ಬಿಡದೆಯೇ ಪದವಿ ಪಡೆದು ಮೇಲೇರಬೇಕೆಂಬ ಆಸೆ ಇವರಲ್ಲಿ ಅನೇಕರಿಗೆ ಇದೆ. 2025ರ ಆದೇಶ ಇವರ ಪಾಲಿಗೆ ಹೊಸ ಆಘಾತವೇನೂ ಅಲ್ಲ. ಯುಜಿಸಿಯ 2020ರ ಮುಕ್ತ, ದೂರ ಹಾಗೂ ಆನ್‌ಲೈನ್ ಶಿಕ್ಷಣ ನಿಯಮಾವಳಿಯೇ ಪ್ಯಾರಾಮೆಡಿಕಲ್ ವಿಷಯಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿತ್ತು. ಮೊದಲೇ ಮುಚ್ಚಿದ್ದ ಬಾಗಿಲಿಗೆ ಈಗ ಎರಡನೆಯ ಬೀಗ ಬಿದ್ದಿದೆ, ಅಷ್ಟೆ.

ಇದೇ ವೃತ್ತಿಯ ತಂತ್ರಜ್ಞರು ಅಮೆರಿಕದಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು, ಗಣಕಯಂತ್ರದ ಮುಂದೆ ಕುಳಿತು ಬ್ಯಾಚಲರ್ ಪದವಿಯನ್ನು ಪೂರೈಸುತ್ತಿದ್ದಾರೆ. ಆ ಪದವಿಗೆ ಅಲ್ಲಿ ಮಾನ್ಯತೆಯಿದೆ, ಬೆಲೆಯೂ ಇದೆ. ಒಂದೇ ಯಂತ್ರ, ಒಂದೇ ವಿಕಿರಣ, ಒಂದೇ ಬಗೆಯ ರೋಗಿ. ಆದರೂ ಒಂದು ದೇಶ ಅನುಮತಿಸಿದ್ದನ್ನು ಇನ್ನೊಂದು ದೇಶ ನಿಷೇಧಿಸುವುದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಅಮೆರಿಕ ಉದಾರವಾಗಿದೆ, ಭಾರತ ಕಟ್ಟುನಿಟ್ಟಾಗಿದೆ ಎಂಬ ಸರಳ ಉತ್ತರ ಇದಕ್ಕೆ ಸಾಲದು.

ಗುಂಡಿ ಒತ್ತುವ ಕೆಲಸವಲ್ಲ

1895ರ ನವೆಂಬರ್‌ನಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಬಳಿಕ ಬಹುಕಾಲ ಈ ವೃತ್ತಿಯೆಂದರೆ ಫಿಲ್ಮು, ಕತ್ತಲೆ ಕೋಣೆ ಮತ್ತು ರಾಸಾಯನಿಕ ದ್ರಾವಣಗಳ ಲೋಕವಾಗಿತ್ತು. ಫಿಲ್ಮಿನ ಮೇಲೆ ಮೂಳೆ ಸ್ಪಷ್ಟವಾಗಿ ಮೂಡಿದರೆ ಕೆಲಸ ಸರಿಯಾಯಿತೆಂದು ಅರ್ಥ. ವಿಕಿರಣ ಹೆಚ್ಚಾದರೆ ಫಿಲ್ಮು ಕಪ್ಪಾಗಿ ತಪ್ಪನ್ನು ತಾನೇ ಹೇಳುತ್ತಿತ್ತು. ಡಿಜಿಟಲ್ ತಂತ್ರಜ್ಞಾನ ಬಂದ ಮೇಲೆ ಈ ಎಚ್ಚರಿಕೆಯ ಗಂಟೆ ಮೌನವಾಯಿತು. ಅಗತ್ಯಕ್ಕಿಂತ ಹೆಚ್ಚು ವಿಕಿರಣ ಕೊಟ್ಟರೂ ಗಣಕಯಂತ್ರ ಚಿತ್ರವನ್ನು ತಿದ್ದಿ ಅಂದವಾಗಿಯೇ ತೋರಿಸುತ್ತದೆ. ರೋಗಿಯ ದೇಹಕ್ಕೆ ಎಷ್ಟು ವಿಕಿರಣ ಹೋಯಿತೆಂಬುದನ್ನು ತಿಳಿಯಲು ಪರದೆಯ ಮೂಲೆಯಲ್ಲಿರುವ ಅಂಕಿಗಳನ್ನು ಓದಲು ಬರಬೇಕು, ಆ ಅಂಕಿಗಳ ಅರ್ಥ ಗೊತ್ತಿರಬೇಕು.

ಸಿ.ಟಿ. ಸ್ಕ್ಯಾನಿನ ವಿಷಯದಲ್ಲಿ ಈ ತಿಳಿವಳಿಕೆ ಇನ್ನೂ ಮುಖ್ಯವಾಗುತ್ತದೆ. ಎದೆಯ ಒಂದು ಸಾಧಾರಣ ಎಕ್ಸ್-ರೇಗೆ ಹೋಲಿಸಿದರೆ ಹೊಟ್ಟೆಯ ಒಂದು ಸಿ.ಟಿ. ಪರೀಕ್ಷೆಯಲ್ಲಿ ರೋಗಿಗೆ ತಗಲುವ ವಿಕಿರಣದ ಪ್ರಮಾಣ ಹತ್ತಾರು ಪಟ್ಟಿನಿಂದ ನೂರಾರು ಪಟ್ಟಿನಷ್ಟು ಹೆಚ್ಚು. ಅಮೆರಿಕದ ಲಾಸ್ ಏಂಜಲೀಸ್ ನಗರದ ಹೆಸರಾಂತ ಆಸ್ಪತ್ರೆಯೊಂದರಲ್ಲಿ ಮೆದುಳಿನ ರಕ್ತಸಂಚಾರದ ಸಿ.ಟಿ. ಪರೀಕ್ಷೆಗೆ ಒಳಗಾದ 206 ರೋಗಿಗಳಿಗೆ ನಿಗದಿತ ಪ್ರಮಾಣಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚು ವಿಕಿರಣ ತಗಲಿದ ಸಂಗತಿ 2009ರಲ್ಲಿ ಬಯಲಾಯಿತು. ಯಂತ್ರದ ಕಾರ್ಯಸೂಚಿಯಲ್ಲಿ ಮಾಡಿದ ಬದಲಾವಣೆಯೊಂದು ಹದಿನೆಂಟು ತಿಂಗಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ರೋಗಿಯೊಬ್ಬರ ತಲೆಗೂದಲು ಉದುರಿದಾಗಲೇ ಅನುಮಾನ ಹುಟ್ಟಿದ್ದು. ಪ್ರತಿ ಸ್ಕ್ಯಾನಿನಲ್ಲೂ ವಿಕಿರಣದ ಪ್ರಮಾಣ ಪರದೆಯ ಮೇಲೆ ಕಾಣಿಸುತ್ತಿತ್ತು. ಕಂಡದ್ದನ್ನು ಪ್ರಶ್ನಿಸುವವರು ಇರಲಿಲ್ಲ. ಮುಂದಿನ ವರ್ಷವೇ ಕ್ಯಾಲಿಫೋರ್ನಿಯಾ ರಾಜ್ಯವು ಸಿ.ಟಿ. ವಿಕಿರಣ ಪ್ರಮಾಣವನ್ನು ದಾಖಲಿಸುವುದನ್ನು ಕಡ್ಡಾಯಗೊಳಿಸುವ ಕಾನೂನು ತಂದಿತು.

ಈ ಪ್ರಕರಣದಲ್ಲಿ ಒಂದು ಪಾಠ ಅಡಗಿದೆ. ರೋಗಿಯನ್ನು ಸರಿಯಾಗಿ ಮಲಗಿಸುವ, ಯಂತ್ರವನ್ನು ನಡೆಸುವ ಕೈಕೆಲಸ ಒಂದು ಬಗೆಯ ವಿದ್ಯೆ. ವಿಕಿರಣದ ಭೌತಶಾಸ್ತ್ರ, ಗುಣಮಟ್ಟದ ಪರೀಕ್ಷೆ, ಕಾರ್ಯಸೂಚಿಗಳ ವಿಮರ್ಶೆ, ಅಂಕಿಅಂಶಗಳ ವಿಶ್ಲೇಷಣೆ ಇವು ಇನ್ನೊಂದು ಬಗೆಯ ವಿದ್ಯೆ. ಮೊದಲನೆಯದು ಆಸ್ಪತ್ರೆಯಲ್ಲಿ, ರೋಗಿಯ ಪಕ್ಕದಲ್ಲಿ ನಿಂತೇ ಬರಬೇಕು. ನೀರಿಗಿಳಿಯದೆ ಈಜು ಬಾರದು. ಎರಡನೆಯದನ್ನು ಮಾತ್ರ ಪುಸ್ತಕದಿಂದಲೂ, ಉಪನ್ಯಾಸದಿಂದಲೂ, ಅಂತರಜಾಲದಿಂದಲೂ ಕಲಿಯಲು ಸಾಧ್ಯವಿದೆ.

ಅಮೆರಿಕದ ಕ್ರಮ

ಅಮೆರಿಕದ ಇಡೀ ವ್ಯವಸ್ಥೆ ನಿಂತಿರುವುದು ಈ ಎರಡು ವಿದ್ಯೆಗಳನ್ನು ಬೇರ್ಪಡಿಸಿದ ತಳಹದಿಯ ಮೇಲೆ. ಅಲ್ಲಿ ತಂತ್ರಜ್ಞರ ಅರ್ಹತೆಯನ್ನು ಪ್ರಮಾಣೀಕರಿಸುವ ಮುಖ್ಯ ಸಂಸ್ಥೆ ಎಆರ್‌ಆರ್‌ಟಿ ಎಂಬ ನೋಂದಣಿ ಮಂಡಳಿ. 1922ರಲ್ಲಿ ಹುಟ್ಟಿದ ಈ ಮಂಡಳಿಯ ಪರೀಕ್ಷೆಗೆ ಕೂರಬೇಕಾದರೆ ಮಾನ್ಯತೆ ಪಡೆದ ಶಿಕ್ಷಣಕ್ರಮವೊಂದನ್ನು ಪೂರೈಸಿ, ನಿಗದಿತ ಪ್ರಾಯೋಗಿಕ ಕೌಶಲಗಳನ್ನು ರೋಗಿಗಳ ಮೇಲೆ ಮಾಡಿ ತೋರಿಸಿರಬೇಕು. ಈ ಹಂತವನ್ನು ಮನೆಯಲ್ಲಿ ಕುಳಿತು ದಾಟುವ ಉಪಾಯ ಅಮೆರಿಕದಲ್ಲೂ ಇಲ್ಲ.

ಈ ಹಂತಕ್ಕೆ ಬ್ಯಾಚಲರ್ ಪದವಿ ಬೇಕಿಲ್ಲ ಎಂಬುದು ಗಮನಾರ್ಹ. ಎರಡು ವರ್ಷಗಳ ಅಸೋಸಿಯೇಟ್ ಪದವಿ ಸಾಕು. ಅದು ಕೂಡ ಕಡ್ಡಾಯವಾದದ್ದು 2015ರ ಜನವರಿಯಿಂದ. ಅದಕ್ಕೆ ಮೊದಲು ಆಸ್ಪತ್ರೆಗಳೇ ನಡೆಸುತ್ತಿದ್ದ ತರಬೇತಿಯ ಪ್ರಮಾಣಪತ್ರದ ಮೇಲೆಯೇ ಪರೀಕ್ಷೆ ಬರೆದು ತಂತ್ರಜ್ಞರಾದವರು ಅಸಂಖ್ಯ. ಪ್ರಮಾಣೀಕರಣ ದೊರೆತ ಮೇಲೂ ಕಲಿಕೆ ನಿಲ್ಲುವಂತಿಲ್ಲ. ಪ್ರತಿ ಎರಡು ವರ್ಷಕ್ಕೆ 24 ಅಂಕಗಳಷ್ಟು ಮುಂದುವರಿದ ಶಿಕ್ಷಣ ಪಡೆಯಬೇಕು. 2011ರ ಬಳಿಕ ಪ್ರಮಾಣಪತ್ರ ಪಡೆದವರು ಹತ್ತು ವರ್ಷಕ್ಕೊಮ್ಮೆ ತಮ್ಮ ಅರ್ಹತೆ ಇನ್ನೂ ಚಾಲ್ತಿಯಲ್ಲಿದೆಯೆಂದು ತೋರಿಸಬೇಕು.

ಆನ್‌ಲೈನ್ ಬ್ಯಾಚಲರ್ ಪದವಿ ಬರುವುದು ಇದರ ನಂತರ. ಯೂಟಾ ರಾಜ್ಯದ ಆಗ್ಡೆನ್ ನಗರದ ವೀಬರ್ ಸ್ಟೇಟ್ ವಿಶ್ವವಿದ್ಯಾನಿಲಯ, ಟೆಕ್ಸಾಸ್‌ನ ವಿಚಿಟಾ ಫಾಲ್ಸ್ ನಗರದ ಮಿಡ್‌ವೆಸ್ಟರ್ನ್ ಸ್ಟೇಟ್ ವಿಶ್ವವಿದ್ಯಾನಿಲಯ ಮೊದಲಾದವು ಬಹುಕಾಲದಿಂದ ಇಂತಹ ಶಿಕ್ಷಣ ನೀಡುತ್ತ ಬಂದಿವೆ. ಇವುಗಳನ್ನು ಅಲ್ಲಿನವರು ಪದವಿ ಪೂರೈಸುವ ಶಿಕ್ಷಣಕ್ರಮ ಎಂದೇ ಕರೆಯುತ್ತಾರೆ. ಅಂದರೆ ವಿದ್ಯಾರ್ಥಿ ಸೊನ್ನೆಯಿಂದ ಆರಂಭಿಸುವುದಿಲ್ಲ. ಬ್ಯಾಚಲರ್ ಪದವಿಗೆ ಸಾಮಾನ್ಯವಾಗಿ ಬೇಕಾಗುವ 120 ಕ್ರೆಡಿಟ್‌ಗಳಲ್ಲಿ ಸುಮಾರು ಅರ್ಧದಷ್ಟು ಅಸೋಸಿಯೇಟ್ ಪದವಿಯಿಂದಲೇ ವರ್ಗವಾಗಿ ಬರುತ್ತವೆ. ಆಸ್ಪತ್ರೆಯ ತರಬೇತಿ ಮುಗಿದಿದೆ, ಪ್ರಮಾಣಪತ್ರ ಕೈಯಲ್ಲಿದೆ. ಉಳಿದಿರುವುದು ವಿಭಾಗದ ಆಡಳಿತ, ಆರೋಗ್ಯ ನೀತಿ ಮತ್ತು ಕಾನೂನು, ಸಂಶೋಧನಾ ವಿಧಾನ, ಅಡ್ಡಕೊಯ್ತದ ಅಂಗರಚನಾ ಶಾಸ್ತ್ರ, ಗುಣಮಟ್ಟ ನಿರ್ವಹಣೆಯಂತಹ ವಿಷಯಗಳು. ಇವನ್ನು ಕಲಿಯಲು ಸ್ಕ್ಯಾನಿಂಗ್ ಯಂತ್ರದ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ.

ಪದವಿ ಕೊಡುವುದೇನು, ಕೊಡದಿರುವುದೇನು

ಅಮೆರಿಕದಲ್ಲೂ ಈ ಪದವಿಯ ಬಗ್ಗೆ ಉತ್ಪ್ರೇಕ್ಷೆ ಇಲ್ಲದಿಲ್ಲ. ಪದವಿ ಬಂದೊಡನೆ ಸಂಬಳ ಜಿಗಿಯುತ್ತದೆ ಎಂಬ ಭಾವನೆಯನ್ನು ಜಾಹೀರಾತುಗಳು ಹುಟ್ಟಿಸುತ್ತವೆ. ವಾಸ್ತವ ಅಷ್ಟು ಸರಳವಲ್ಲ. ಸಾಧಾರಣ ಎಕ್ಸ್-ರೇಯಿಂದ ಸಿ.ಟಿ. ಅಥವಾ ಎಂ.ಆರ್.ಐ. ವಿಭಾಗಕ್ಕೆ ಹೋಗಬೇಕೆನ್ನುವ ತಂತ್ರಜ್ಞರಿಗೆ ಬ್ಯಾಚಲರ್ ಪದವಿ ಬೇಕಾಗಿಯೇ ಇಲ್ಲ. ಆಯಾ ವಿಷಯದಲ್ಲಿ ನಿಗದಿತ ಪಾಠ, ಪ್ರಾಯೋಗಿಕ ಅನುಭವ ಮತ್ತು ನೋಂದಣಿ ಮಂಡಳಿಯ ಹೆಚ್ಚುವರಿ ಪರೀಕ್ಷೆ ಸಾಕು. ಯಂತ್ರದ ಮುಂದೆಯೇ ಉಳಿಯಬಯಸುವವರಿಗೆ ಬೇಗ ಫಲ ಕೊಡುವುದು ಈ ಹಾದಿಯೇ.

ಪದವಿ ಬೇಕಾಗುವುದು ಯಂತ್ರದಿಂದ ಆಚೆಗಿನ ಹುದ್ದೆಗಳಿಗೆ. ವಿಭಾಗದ ಮೇಲ್ವಿಚಾರಕ, ವ್ಯವಸ್ಥಾಪಕ, ವಿಕಿರಣ ಗುಣಮಟ್ಟದ ಹೊಣೆಗಾರ, ಚಿತ್ರಗಳ ಡಿಜಿಟಲ್ ದಾಸ್ತಾನು ನೋಡಿಕೊಳ್ಳುವ ಅಧಿಕಾರಿ, ಶಿಕ್ಷಕ ಇವೇ ಆ ಹುದ್ದೆಗಳು. ಅಲ್ಲಿನ ರೇಡಿಯಾಗ್ರಫಿ ಶಿಕ್ಷಣಕ್ರಮಗಳಿಗೆ ಮಾನ್ಯತೆ ನೀಡುವ ಜೆಆರ್‌ಸಿಇಆರ್‌ಟಿ ಸಂಸ್ಥೆಯು ಪ್ರಾಯೋಗಿಕ ತರಬೇತಿಯ ಸಂಯೋಜಕರಿಗೆ ಕನಿಷ್ಠ ಬ್ಯಾಚಲರ್ ಪದವಿಯನ್ನೂ ನಿರ್ದೇಶಕರಿಗೆ ಸ್ನಾತಕೋತ್ತರ ಪದವಿಯನ್ನೂ ನಿಗದಿಪಡಿಸಿದೆ. ವಿಕಿರಣತಜ್ಞ ವೈದ್ಯರ ನೇರ ಸಹಾಯಕರಾಗಿ ದುಡಿಯುವ ರೇಡಿಯಾಲಜಿಸ್ಟ್ ಅಸಿಸ್ಟೆಂಟ್ ಹುದ್ದೆಯ ಪ್ರಮಾಣೀಕರಣಕ್ಕೆ 2023ರಿಂದ ಸ್ನಾತಕೋತ್ತರ ಪದವಿಯೇ ಬೇಕು. ಏಣಿಯ ಮೇಲಿನ ಮೆಟ್ಟಿಲು ಹತ್ತಬೇಕಾದರೆ ಬ್ಯಾಚಲರ್ ಪದವಿಯೆಂಬ ನಡುವಿನ ಮೆಟ್ಟಿಲನ್ನು ದಾಟಲೇಬೇಕು. ಆ ಮೆಟ್ಟಿಲನ್ನು ದಾಟಲು ನೌಕರಿ ಬಿಡಬೇಕಾಗಿಲ್ಲ ಎಂಬುದಷ್ಟೇ ಆನ್‌ಲೈನ್ ಶಿಕ್ಷಣ ಅವರಿಗೆ ಮಾಡಿಕೊಟ್ಟಿರುವ ಅನುಕೂಲ.

ಭಾರತದ ಅಪನಂಬಿಕೆಗೆ ಕಾರಣ

ಭಾರತದ ನಿಷೇಧಕ್ಕೆ ಆಧಾರವಿಲ್ಲವೆಂದು ಹೇಳುವುದು ಸರಿಯಾಗದು. ದೂರಶಿಕ್ಷಣದ ಹೆಸರಿನಲ್ಲಿ ಈ ದೇಶದಲ್ಲಿ ನಡೆದ ವ್ಯಾಪಾರ ಅಲ್ಪಸ್ವಲ್ಪದ್ದಲ್ಲ. ಪ್ರಯೋಗಾಲಯವನ್ನೇ ಕಾಣದೆ ಅಂಚೆಯ ಮೂಲಕ ಎಂಜಿನಿಯರಿಂಗ್ ಪದವಿ ಪಡೆದವರ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. 2017ರ ನವೆಂಬರ್‌ನಲ್ಲಿ ತೀರ್ಪು ನೀಡಿದ ನ್ಯಾಯಾಲಯ, ಅನುಮತಿಯಿಲ್ಲದೆ ಇಂತಹ ಶಿಕ್ಷಣ ನಡೆಸಿದ ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳ 2001ರಿಂದ 2005ರವರೆಗಿನ ತಂಡಗಳ ಪದವಿಗಳನ್ನು ಅಮಾನತಿನಲ್ಲಿರಿಸಿತು. ಆ ವಿದ್ಯಾರ್ಥಿಗಳು ಹೊಸದಾಗಿ ಪರೀಕ್ಷೆ ಬರೆದು ತೇರ್ಗಡೆಯಾಗಬೇಕಾಯಿತು. ಅನಂತರದ ತಂಡಗಳ ಪದವಿಗಳಂತೂ ರದ್ದಾದವು. ಆ ವೇಳೆಗಾಗಲೇ ಅವರಲ್ಲಿ ಹಲವರು ಅದೇ ಪದವಿಯ ಬಲದ ಮೇಲೆ ಬಡ್ತಿ ಪಡೆದು ವರ್ಷಗಳೇ ಕಳೆದಿದ್ದವು.

ಕರ್ನಾಟಕದ ಓದುಗರಿಗೆ ಇನ್ನೂ ಹತ್ತಿರದ ನೆನಪೊಂದಿದೆ. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರದ ಶೈಕ್ಷಣಿಕ ವರ್ಷಗಳಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ತನ್ನ ವ್ಯಾಪ್ತಿಯ ಹೊರಗೆ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಶಿಕ್ಷಣಕ್ರಮಗಳನ್ನು ನಡೆಸಿದ್ದು ಈ ಬಿಕ್ಕಟ್ಟಿನ ಮೂಲದಲ್ಲಿತ್ತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಪ್ರಮಾಣಪತ್ರ ಹಿಡಿದುಕೊಂಡು ಅಲೆದ ವಿದ್ಯಾರ್ಥಿಗಳ ಪಾಡನ್ನು ರಾಜ್ಯ ಕಣ್ಣಾರೆ ಕಂಡಿದೆ. ಎಂಜಿನಿಯರಿಂಗ್ ಮತ್ತು ಸಾಮಾನ್ಯ ಪದವಿಗಳ ಗತಿಯೇ ಹೀಗಾದರೆ, ಜನರ ದೇಹಕ್ಕೆ ವಿಕಿರಣ ಹಾಯಿಸುವ ವೃತ್ತಿಯಲ್ಲಿ ಸರಕಾರ ಎಚ್ಚರ ವಹಿಸಿದ್ದು ನ್ಯಾಯವೇ ಆಗಿದೆ.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳೂ ಇದೇ ಎಚ್ಚರವನ್ನು ಬಯಸುತ್ತವೆ. 2004ರ ವಿಕಿರಣ ಸಂರಕ್ಷಣಾ ನಿಯಮಗಳಡಿ ಎಕ್ಸ್-ರೇ ಘಟಕಗಳಿಗೆ ಅನುಮತಿ ಬೇಕು, ಯಂತ್ರ ನಡೆಸುವವರು ಅರ್ಹರಾಗಿರಬೇಕು, ಅವರು ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಬಿಲ್ಲೆ ಧರಿಸಬೇಕು. ವಿಕಿರಣದ ನಡುವೆ ದುಡಿಯುವ ಸಿಬ್ಬಂದಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂಬ ಮಿತಿಯನ್ನು ಮಂಡಳಿ ವಿಧಿಸಿದೆ. ಇಂತಹ ವೃತ್ತಿಗೆ ಹೊಸಬರನ್ನು ಪರದೆಯ ಮೇಲಿನ ಪಾಠದಿಂದ ತಯಾರು ಮಾಡುವುದು ಅಪಾಯಕಾರಿ ಎಂಬುದರಲ್ಲಿ ಎರಡು ಮಾತಿಲ್ಲ.

ನಿಷೇಧ ಎಡವಿದ್ದೆಲ್ಲಿ

ಆದರೆ ಹೊಸಬರಿಗೆ ಹಾಕಿದ ತಡೆಯೇ ಹಳಬರ ಕಾಲಿಗೂ ತೊಡರಿದೆ. ಹತ್ತು ಹದಿನೈದು ವರ್ಷಗಳಿಂದ ಯಂತ್ರದ ಮುಂದೆ ನಿಂತವರಿಗೆ ರೋಗಿಯನ್ನು ಮಲಗಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅವರಿಗೆ ಬೇಕಾಗಿರುವುದು ಎರಡನೆಯ ಬಗೆಯ ವಿದ್ಯೆ ಮತ್ತು ಅದನ್ನು ದೃಢೀಕರಿಸುವ ಪದವಿ. ಯುಜಿಸಿಯ ನಿಯಮ ಈ ಇಬ್ಬರ ನಡುವೆ ವ್ಯತ್ಯಾಸವನ್ನೇ ಮಾಡುವುದಿಲ್ಲ. ನೆಗಡಿ ಬಂತೆಂದು ಮೂಗನ್ನೇ ಕೊಯ್ದಂತಾಗಿದೆ.

ಕರ್ನಾಟಕದ ಚಿತ್ರ ಇದಕ್ಕೆ ಉತ್ತಮ ಉದಾಹರಣೆ. ರಾಜ್ಯದಲ್ಲಿ ಈ ವೃತ್ತಿಗೆ ಎರಡು ಪ್ರವೇಶದ್ವಾರಗಳಿವೆ. ಒಂದು, ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿದವರು ಇದಕ್ಕೆ ಸೇರುತ್ತಾರೆ. ಬಹಳಷ್ಟು ಮಂದಿ ಗ್ರಾಮೀಣ ಪ್ರದೇಶದ, ಬೇಗ ದುಡಿಮೆಗಿಳಿಯಬೇಕಾದ ಕುಟುಂಬಗಳ ಮಕ್ಕಳು. ಇನ್ನೊಂದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಅಧೀನ ಕಾಲೇಜುಗಳಲ್ಲಿ ಹಾಗೂ ಮಣಿಪಾಲದಂತಹ ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ದೊರೆಯುವ ಬಿ.ಎಸ್ಸಿ. ಪದವಿ. ಎರಡೂ ದಾರಿಯಲ್ಲಿ ಬಂದವರು ಒಂದೇ ಕೊಠಡಿಯಲ್ಲಿ ಒಂದೇ ಕೆಲಸ ಮಾಡುತ್ತಾರೆ. ಆದರೆ ಬಡ್ತಿ, ಬೋಧನೆ, ಹೊರದೇಶದ ನೌಕರಿ ಎಂಬ ಮಾತು ಬಂದಾಗ ಪದವೀಧರರು ಮುಂದಕ್ಕೆ ಸಾಗುತ್ತಾರೆ, ಡಿಪ್ಲೊಮಾ ಪಡೆದವರು ನಿಂತಲ್ಲೇ ನಿಲ್ಲುತ್ತಾರೆ.

ಕರಾವಳಿ ಜಿಲ್ಲೆಗಳ ತಂತ್ರಜ್ಞರಿಗೆ ಈ ಭೇದ ಚೆನ್ನಾಗಿ ಗೊತ್ತು. ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆಗಳನ್ನು ಅವಲಂಬಿಸಿರುವ ಕುಟುಂಬಗಳು ಅಲ್ಲಿ ಸಾಕಷ್ಟಿವೆ. ಸೌದಿ ಅರೇಬಿಯದ ಆರೋಗ್ಯ ವೃತ್ತಿಗಳ ಆಯೋಗವು ಡಿಪ್ಲೊಮಾ ಉಳ್ಳವರನ್ನು ಟೆಕ್ನಿಷಿಯನ್ ಎಂದೂ ಬ್ಯಾಚಲರ್ ಪದವಿ ಉಳ್ಳವರನ್ನು ಸ್ಪೆಷಲಿಸ್ಟ್ ಎಂದೂ ವರ್ಗೀಕರಿಸುತ್ತದೆ. ಪ್ರಮಾಣಪತ್ರಗಳನ್ನು ಅವು ಹೊರಟ ಮೂಲ ಸಂಸ್ಥೆಯಿಂದಲೇ ಪರಿಶೀಲಿಸಿ ತರಿಸಿಕೊಳ್ಳುವ ಪದ್ಧತಿಯೂ ಇರುವುದರಿಂದ ಸಂಶಯಾಸ್ಪದ ಪದವಿಗೆ ಅಲ್ಲಿ ಸ್ಥಾನವಿಲ್ಲ.

ಡಿಪ್ಲೊಮಾದಿಂದ ಪದವಿಗೆ ಸೇತುವೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮಾನ್ಯ ಮಂಡಳಿಯ ಡಿಪ್ಲೊಮಾ ಪಡೆದವರು ಅದೇ ವಿಷಯದ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವನ್ನು ರಾಜೀವ್ ಗಾಂಧಿ ವಿಶ್ವವಿದ್ಯಾನಿಲಯ 2008ರಲ್ಲಿಯೇ ಕಲ್ಪಿಸಿತು. ಇದು ಸ್ವಾಗತಾರ್ಹ ಹೆಜ್ಜೆಯಾಗಿತ್ತು. ಆದರೆ ಈ ಸೇತುವೆ ಹೆಚ್ಚಾಗಿ ನೆರವಾಗುವುದು ಆಗತಾನೆ ಡಿಪ್ಲೊಮಾ ಮುಗಿಸಿದ ಯುವಕರಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸದಲ್ಲಿರುವ, ಮನೆ ಮಕ್ಕಳ ಹೊಣೆ ಹೊತ್ತ ಮಹಿಳೆಯೊಬ್ಬರು ಮಿಕ್ಕ ವರ್ಷಗಳ ತರಗತಿಗಾಗಿ, ಅದರ ಮೇಲಿನ ಇಂಟರ್ನ್‌ಶಿಪ್‌ಗಾಗಿ ಸಂಬಳ ಬಿಟ್ಟು ದೂರದ ನಗರಕ್ಕೆ ಹೋಗುವುದು ಸಾಧ್ಯವೇ? ಒಬ್ಬರೇ ತಂತ್ರಜ್ಞರಿರುವ ಆಸ್ಪತ್ರೆಯಲ್ಲಿ ಅವರು ರಜೆ ಹಾಕಿದರೆ ಎಕ್ಸ್-ರೇ ಕೊಠಡಿಗೆ ಬೀಗ ಬೀಳುತ್ತದೆ. ಕೈಮುರಿದ ಕೂಲಿಕಾರ ಜಿಲ್ಲಾ ಕೇಂದ್ರದ ಬಸ್ಸು ಹಿಡಿಯಬೇಕಾಗುತ್ತದೆ. ಈ ತೊಡಕಿನಿಂದ ಸೊರಗುವವರು ತಂತ್ರಜ್ಞರಷ್ಟೇ ಅಲ್ಲ.

ಬೀಗ ಬಿದ್ದಲ್ಲಿ ಕನ್ನಗಳ್ಳರು

ನ್ಯಾಯವಾದ ದಾರಿ ಇಲ್ಲದಿದ್ದಾಗ ಅಡ್ಡದಾರಿ ಹುಟ್ಟಿಕೊಳ್ಳುತ್ತದೆ. ಕೆಲಸ ಬಿಡಬೇಕಾಗಿಲ್ಲ, ತರಗತಿಗೆ ಬರಬೇಕಾಗಿಲ್ಲ, ಪರೀಕ್ಷೆಗಷ್ಟೇ ಬಂದರೆ ಸಾಕು ಎನ್ನುವ ಜಾಹೀರಾತುಗಳು ರೇಡಿಯಾಲಜಿ ಪದವಿಯ ಹೆಸರಿನಲ್ಲೂ ಹರಿದಾಡುತ್ತವೆ. ಓದಿ ಮುಂದೆ ಬರಬೇಕೆಂಬ ಹಂಬಲವುಳ್ಳ, ಹಣವನ್ನು ಕೂಡಿಟ್ಟ ನೌಕರರೇ ಇದಕ್ಕೆ ಬಲಿಯಾಗುವವರು. ಈ ಬಗ್ಗೆ ಸ್ಪಷ್ಟವಾಗಿ ತಿಳಿದಿರಬೇಕಾದ ಸಂಗತಿ ಒಂದಿದೆ. ಭಾರತದಲ್ಲಿ ರೇಡಿಯಾಲಜಿ ಹಾಗೂ ಇಮೇಜಿಂಗ್ ತಂತ್ರಜ್ಞಾನದ ಬ್ಯಾಚಲರ್ ಪದವಿಯನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡಲು ಯುಜಿಸಿ ನಿಯಮದಲ್ಲಿ ಅವಕಾಶವಿಲ್ಲ. ಕೊಡುವುದಾಗಿ ಹೇಳುವ ಸಂಸ್ಥೆ ಎಷ್ಟೇ ದೊಡ್ಡದಿರಲಿ, ಆ ಕಾಗದಕ್ಕೆ ಬೆಲೆಯಿಲ್ಲ.

ಇಲ್ಲಿ ಗೊಂದಲಕ್ಕೆ ಎಡೆಮಾಡುವ ಇನ್ನೊಂದು ಅಂಶವಿದೆ. ಮಾನ್ಯತೆ ಪಡೆದ ಆನ್‌ಲೈನ್ ಮತ್ತು ದೂರಶಿಕ್ಷಣದ ಪದವಿಗಳು ಸಾಂಪ್ರದಾಯಿಕ ಪದವಿಗಳಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಈ ಪ್ರಕಟಣೆಯನ್ನೇ ತೋರಿಸಿ ವಿದ್ಯಾರ್ಥಿಗಳನ್ನು ನಂಬಿಸುವವರಿದ್ದಾರೆ. ಸಮಾನತೆ ಅನುಮತಿಯಿರುವ ವಿಷಯಗಳಿಗೆ ಮಾತ್ರ ಎಂಬುದನ್ನು ಅವರು ಹೇಳುವುದಿಲ್ಲ. ಯಾವ ವಿಶ್ವವಿದ್ಯಾನಿಲಯಕ್ಕೆ ಯಾವ ವರ್ಷ ಯಾವ ವಿಷಯದಲ್ಲಿ ಅನುಮತಿಯಿದೆ ಎಂಬ ಪಟ್ಟಿಯನ್ನು ಯುಜಿಸಿಯ ದೂರಶಿಕ್ಷಣ ವಿಭಾಗ ಪ್ರಕಟಿಸುತ್ತದೆ. ಶುಲ್ಕ ಕಟ್ಟುವ ಮೊದಲು ಅದನ್ನು ನೋಡಬೇಕು.

ಕೆಲವರು ಬಿ.ಕಾಂ., ಬಿ.ಬಿ.ಎ. ಅಥವಾ ಬಿ.ಸಿ.ಎ.ಯಂತಹ ಅನುಮತಿಯುಳ್ಳ ಆನ್‌ಲೈನ್ ಪದವಿಯನ್ನು ಆಯ್ದುಕೊಳ್ಳುತ್ತಾರೆ. ಇದು ನ್ಯಾಯಬದ್ಧವಾದ ದಾರಿ. ಯಾವುದಾದರೊಂದು ಪದವಿ ಎಂದು ಕೇಳುವ ಆಡಳಿತ ಹುದ್ದೆಗಳಿಗೆ, ಆಸ್ಪತ್ರೆಯ ಗಣಕ ವಿಭಾಗಕ್ಕೆ ಇದು ಉಪಯೋಗಕ್ಕೆ ಬಂದೀತು. ಆದರೆ ಇದು ತಂತ್ರಜ್ಞರನ್ನು ಅವರ ವೃತ್ತಿಯಿಂದ ಹೊರಗೆ ಕರೆದೊಯ್ಯುವ ದಾರಿಯೇ ಹೊರತು ವೃತ್ತಿಯೊಳಗೆ ಮೇಲೇರಿಸುವ ದಾರಿಯಲ್ಲ. ಹದಿನೈದು ವರ್ಷಗಳ ಅನುಭವ ಹೀಗೆ ಕೊಠಡಿಯಿಂದ ಹೊರನಡೆದರೆ ನಷ್ಟ ಆರೋಗ್ಯ ವ್ಯವಸ್ಥೆಗೇ.

ಸೇತುವೆ ಕಟ್ಟಲು ಸಾಮಗ್ರಿ ಇದೆ

ಪರಿಹಾರಕ್ಕಾಗಿ ಹೊಸ ಕಾನೂನು ಬೇಕಾಗಿಲ್ಲ. ಅಗತ್ಯವಾದ ಸಾಮಗ್ರಿಗಳೆಲ್ಲ ಬೇರೆಬೇರೆ ಕಡೆ ಬಿದ್ದಿವೆ, ಜೋಡಿಸುವವರಿಲ್ಲ. 2021ರ ಕಾಯ್ದೆ ಡಿಪ್ಲೊಮಾ ಪಡೆದವರನ್ನು ಕಡೆಗಣಿಸಿಲ್ಲ. ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ ಕನಿಷ್ಠ 2,000 ಗಂಟೆಗಳ ಶಿಕ್ಷಣದಿಂದ ಡಿಪ್ಲೊಮಾ ಅಥವಾ ಪದವಿ ಪಡೆದ ತಂತ್ರಜ್ಞರನ್ನು ಅದು ಪೂರಕ ಆರೋಗ್ಯ ವೃತ್ತಿಪರರೆಂದೇ ಗುರುತಿಸುತ್ತದೆ. ಅವರ ನೋಂದಣಿಗಾಗಿ ರಾಜ್ಯ ಪರಿಷತ್ತುಗಳ ವ್ಯವಸ್ಥೆಯನ್ನೂ ಮಾಡಿದೆ. ಇದೇ ಕಾಯ್ದೆಯಡಿ ರಚನೆಯಾದ ಆಯೋಗದ ಮೂಲಕ ರೇಡಿಯಾಲಜಿ ಮತ್ತು ಇಮೇಜಿಂಗ್ ತಂತ್ರಜ್ಞಾನವೂ ಸೇರಿದಂತೆ ಹತ್ತು ವೃತ್ತಿಗಳಿಗೆ ದೇಶಕ್ಕೆಲ್ಲ ಒಂದೇ ಬಗೆಯ ಪಠ್ಯಕ್ರಮ 2025ರಲ್ಲಿ ಹೊರಬಂದಿದೆ. ಅಂದರೆ, ಯಾರು ಕಲಿತಿದ್ದಾರೆ, ಏನು ಕಲಿಯಬೇಕು ಎಂಬೆರಡಕ್ಕೂ ಅಳತೆಗೋಲು ಸಿಕ್ಕಿದೆ.

ಇನ್ನು ಆನ್‌ಲೈನ್ ಬೋಧನೆ. 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸ್ವಯಂ ವೇದಿಕೆಯ ಪಾಠಗಳಿಂದ ಸಾಂಪ್ರದಾಯಿಕ ಪದವಿಯ ಶೇಕಡಾ 40ರಷ್ಟು ಭಾಗವನ್ನು ಪೂರೈಸಲು ವಿಶ್ವವಿದ್ಯಾನಿಲಯಗಳು ಅವಕಾಶ ಕೊಡಬಹುದೆಂದು ಯುಜಿಸಿಯೇ 2021ರ ನಿಯಮಾವಳಿಯಲ್ಲಿ ಹೇಳಿದೆ. ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಮಾಡಿಡುವ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಕೂಡ ಅದೇ ವರ್ಷ ಬಂತು. ಇಡೀ ಪದವಿಯನ್ನು ಆನ್‌ಲೈನ್ ಮಾಡಬಾರದೆಂಬ ನಿಲುವನ್ನು ಬಿಟ್ಟುಕೊಡದೆಯೇ ಪದವಿಯ ಒಂದು ಭಾಗವನ್ನು ಮನೆಯಿಂದ ಓದಲು ಬಿಡುವ ತತ್ತ್ವವನ್ನು ಆಯೋಗ ಒಪ್ಪಿದೆ. ಈ ತತ್ತ್ವವನ್ನು ಪೂರಕ ಆರೋಗ್ಯ ವಿಜ್ಞಾನಕ್ಕೆ ಎಷ್ಟರಮಟ್ಟಿಗೆ ಅನ್ವಯಿಸಬೇಕೆಂದು ವೃತ್ತಿಗಳ ಆಯೋಗ ನಿರ್ಧರಿಸಿದರೆ ದಾರಿ ಅರ್ಧ ಸವೆದಂತೆ.

ಉಳಿದರ್ಧಕ್ಕೆ ರಾಜ್ಯ ಮುಂದಾಗಬೇಕು. ನೋಂದಾಯಿತ, ನಿಗದಿತ ವರ್ಷಗಳ ಸೇವಾನುಭವವುಳ್ಳ ಡಿಪ್ಲೊಮಾ ತಂತ್ರಜ್ಞರಿಗಷ್ಟೇ ಮೀಸಲಾದ ಸೇತುಪದವಿಯೊಂದನ್ನು ರೂಪಿಸಬಹುದು. ಭೌತಶಾಸ್ತ್ರ, ಅಂಕಿಅಂಶ, ಆಡಳಿತ, ಗುಣಮಟ್ಟದ ಪಾಠಗಳು ಆನ್‌ಲೈನ್‌ನಲ್ಲಿರಲಿ. ಸಿ.ಟಿ., ಎಂ.ಆರ್.ಐ. ಮುಂತಾದ ಹೊಸ ಕೌಶಲಗಳ ತರಬೇತಿ ಜಿಲ್ಲೆಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ಸರದಿಯ ಮೇಲೆ, ಕಂತುಗಳಲ್ಲಿ ನಡೆಯಲಿ. ಮಾಡಿದ ಪ್ರತಿಯೊಂದು ಪರೀಕ್ಷೆಯ ದಾಖಲೆಗೆ ಮೇಲ್ವಿಚಾರಕರ ಸಹಿ ಬೀಳಲಿ. ಅಂತಿಮ ಪರೀಕ್ಷೆ ಮಾತ್ರ ಕಡ್ಡಾಯವಾಗಿ ಹಾಜರಾತಿಯ, ಕಟ್ಟುನಿಟ್ಟಿನ ಪರೀಕ್ಷೆಯಾಗಿರಲಿ. ಹೊಸಬರಿಗೆ ಈ ಬಾಗಿಲು ತೆರೆಯಕೂಡದು.

ಇದರಿಂದ ಗುಣಮಟ್ಟ ಕುಸಿಯುತ್ತದೆ, ಇಂದು ಸೇತುವೆ ಎಂದವರು ನಾಳೆ ಹೆದ್ದಾರಿ ಮಾಡಿಕೊಳ್ಳುತ್ತಾರೆ ಎಂಬ ಆಕ್ಷೇಪ ಬರುವುದು ಖಚಿತ. ಹಿಂದಿನ ಅನುಭವವನ್ನು ನೋಡಿದರೆ ಈ ಭಯವನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದಲೇ ಇಂತಹ ಪದವಿಯನ್ನು ಬೋಧನಾ ಆಸ್ಪತ್ರೆಯುಳ್ಳ ವಿಶ್ವವಿದ್ಯಾನಿಲಯಗಳಿಗೆ ಮಾತ್ರ ಒಪ್ಪಿಸಬೇಕು, ಖಾಸಗಿ ಅಧ್ಯಯನ ಕೇಂದ್ರಗಳ ನೆರಳೂ ಬೀಳದಂತೆ ನೋಡಿಕೊಳ್ಳಬೇಕು. ದೂರಶಿಕ್ಷಣ ಕೆಟ್ಟದ್ದು ಪಾಠ ದೂರದಿಂದ ಬಂದ ಕಾರಣಕ್ಕಲ್ಲ, ಪರೀಕ್ಷಿಸುವವರು ದೂರ ಉಳಿದ ಕಾರಣಕ್ಕೆ.

ಅಮೆರಿಕದ ಮಾದರಿಯಿಂದ ಎರವಲು ತರಬೇಕಾದದ್ದು ಆನ್‌ಲೈನ್ ತಂತ್ರಜ್ಞಾನವಲ್ಲ, ಅದು ಇಲ್ಲಿಯೂ ಇದೆ. ತರಬೇಕಾದದ್ದು ಅವರು ಪಾಲಿಸುವ ಕ್ರಮವನ್ನು. ಮೊದಲು ರೋಗಿಯ ಪಕ್ಕದಲ್ಲಿ ತರಬೇತಿ, ಬಳಿಕ ಸ್ವತಂತ್ರ ಮಂಡಳಿಯ ಪರೀಕ್ಷೆ, ಅನಂತರ ದುಡಿಯುತ್ತಲೇ ಪದವಿ. ಈ ಕ್ರಮ ತಲೆಕೆಳಗಾದರೆ ಅನರ್ಹರು ಒಳಬರುತ್ತಾರೆ. ಕ್ರಮವನ್ನೇ ನಿರಾಕರಿಸಿದರೆ ಅರ್ಹರು ಮೇಲೇರುವುದಿಲ್ಲ. ಭಾರತ ಮೊದಲನೆಯ ಅಪಾಯವನ್ನು ತಡೆದಿದೆ, ಎರಡನೆಯದರ ಬೆಲೆಯನ್ನು ಇನ್ನೂ ಲೆಕ್ಕಹಾಕಿಲ್ಲ. ಸಿ.ಟಿ. ಯಂತ್ರಗಳು ಜಿಲ್ಲಾಸ್ಪತ್ರೆಗಳಿಗೆ ಬಂದಿರುವ ಈ ಕಾಲದಲ್ಲಿ ಪರದೆಯ ಮೂಲೆಯ ಅಂಕಿಯನ್ನು ಓದಿ, ಇದು ಹೆಚ್ಚಾಯಿತು ಎಂದು ಹೇಳಬಲ್ಲವರು ಆ ಕೊಠಡಿಯಲ್ಲಿರಬೇಕು. ಅಂಥವರನ್ನು ಬೆಳೆಸುವ ಹೊಣೆಯನ್ನು ವೃತ್ತಿಗಳ ಆಯೋಗವೂ ರಾಜ್ಯ ಸರಕಾರವೂ ಇನ್ನು ಮುಂದೂಡಲಾಗದು.